360 ಡಿಗ್ರಿ ಅಡ್ವೆಂಚರ್ ಗೇಮ್‌ನಲ್ಲಿ ಹಾಟ್‌ಸ್ಪಾಟ್‌ಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಒಂದು ಕೋಣೆಯನ್ನು 4096×2048 ಪಿಕ್ಸೆಲ್‌ನ 360 ಡಿಗ್ರಿ ಚಿತ್ರವಾಗಿ ರೆಂಡರ್ ಮಾಡಿದ್ದೀರಿ. ಇಮೇಜ್ ಎಡಿಟರ್‌ನಲ್ಲಿ ಒಂದೊಂದು ವಸ್ತುವಿನ ಸುತ್ತ ಆಯತ ಎಳೆದು, ಆ ಪಿಕ್ಸೆಲ್ ಅಂಕಿಗಳನ್ನೇ ಹಾಟ್‌ಸ್ಪಾಟ್ (ಕ್ಲಿಕ್ ಮಾಡಿದರೆ ಏನಾದರೂ ಆಗುವ ಭಾಗ) ಮಾಡಿದ್ದೀರಿ. ಎದುರಿಗಿರುವ ಮೇಜು ಸರಿಯಾಗಿ ಕ್ಲಿಕ್ ಆಗುತ್ತದೆ. ಅದೇ ಮೇಜು ಸ್ಕ್ರೀನಿನ ಅಂಚಿಗೆ ಸರಿದರೆ ಕ್ಲಿಕ್ ಪಕ್ಕಕ್ಕೆ ಬೀಳುತ್ತದೆ. ಬೆನ್ನ ಹಿಂದಿನ ಬಾಗಿಲು ಅರ್ಧ ಮಾತ್ರ ಕೆಲಸ ಮಾಡುತ್ತದೆ. ಕಾಲ ಬುಡದ ನೆಲಮುಚ್ಚಳ ಕೈಗೇ ಸಿಗುವುದಿಲ್ಲ. ಸುತ್ತ ನೋಡಲು ಮೌಸ್ ಎಳೆದರೆ ಬೇಡದ ಡ್ರಾಯರ್ ತೆರೆದುಕೊಳ್ಳುತ್ತದೆ.

ಕೊನೆಯದು ಬೇರೆ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲ ಮೂರಕ್ಕೂ ಬೇರು ಒಂದೇ. ನೀವು ಹಾಟ್‌ಸ್ಪಾಟನ್ನು ಚಿತ್ರದ ಮೇಲಿನ ಜಾಗ ಅಂತ ನೋಡುತ್ತಿದ್ದೀರಿ. ಪನೋರಮಾದಲ್ಲಿ, ಅಂದರೆ ಇಂಥ 360 ಡಿಗ್ರಿ ಚಿತ್ರದಲ್ಲಿ, ಅದು ಜಾಗ ಅಲ್ಲ, ದಿಕ್ಕು. ಆಟಗಾರ ಗೋಳದ ನಟ್ಟನಡುವೆ ನಿಂತಿದ್ದಾನೆ, ವಸ್ತು ಯಾವುದೋ ಒಂದು ದಿಕ್ಕಿನಲ್ಲಿದೆ. ಚಿತ್ರ ಆ ಗೋಳವನ್ನು ಚಪ್ಪಟೆ ಮಾಡಿದ ಒಂದು ರೂಪ ಅಷ್ಟೆ. ಹಾಗಾಗಿ ಪಿಕ್ಸೆಲ್ ಅಂಕಿಗಳನ್ನು ಎಲ್ಲೂ ಉಳಿಸಬೇಡಿ. ಕೋನಗಳನ್ನು ಉಳಿಸಿ.

ಎರಡು ಕೋನ ಸಾಕು. ಎಡಬಲಕ್ಕೆ ಎಷ್ಟು ತಿರುಗಬೇಕು ಅನ್ನುವುದು ಯಾ (yaw). ಮೇಲೆ ಕೆಳಗೆ ಎಷ್ಟು ನೋಡಬೇಕು ಅನ್ನುವುದು ಪಿಚ್. ನಿಮ್ಮ ಚಿತ್ರದ ಅಗಲ ಎತ್ತರದ ಎರಡು ಪಟ್ಟು ಇರುವುದಕ್ಕೆ ಕಾರಣವೂ ಇದೇ: ಅಡ್ಡಕ್ಕೆ 360 ಡಿಗ್ರಿ, ಉದ್ದಕ್ಕೆ 180. ಲೆಕ್ಕ ಸುಲಭ. ಎಕ್ಸ್ ಅಂದರೆ ಚಿತ್ರದ ಎಡ ಅಂಚಿನಿಂದ, ವೈ ಅಂದರೆ ಮೇಲಿನ ಅಂಚಿನಿಂದ ಎಣಿಸಿದ ಪಿಕ್ಸೆಲ್.

ಯಾ = (ಎಕ್ಸ್ ÷ ಅಗಲ) × 360 − 180
ಪಿಚ್ = 90 − (ವೈ ÷ ಎತ್ತರ) × 180

ಎಕ್ಸ್ 3072, ವೈ 1536 ಅಂದರೆ ಯಾ 90, ಪಿಚ್ −45. ಅಂದರೆ ನೇರ ಬಲಕ್ಕೆ ತಿರುಗಿ, ಅರ್ಧ ತಲೆ ಬಗ್ಗಿಸಿದಾಗ ಕಾಣುವ ಜಾಗ. ನಾಳೆ ಚಿತ್ರವನ್ನು 8192 ಅಗಲಕ್ಕೆ ಮತ್ತೆ ರೆಂಡರ್ ಮಾಡಿದರೂ ಈ ಅಂಕಿಗಳು ಬದಲಾಗುವುದಿಲ್ಲ.

ಈಗ ಆ ಮೇಜಿನ ವಿಷಯ. ಸ್ಕ್ರೀನಿನ ಮೇಲಿನ ಕ್ಲಿಕ್ಕನ್ನು ಕೋನಕ್ಕೆ ತಿರುಗಿಸುವಾಗ ನೀವು ಬಹುಶಃ ನೇರ ಅನುಪಾತ ಹಾಕಿದ್ದೀರಿ: ನೋಟದ ಅಗಲ 90 ಡಿಗ್ರಿ, ಹಾಗಾಗಿ ನಡುವಿನಿಂದ ಅಂಚಿಗೆ 45, ಅರ್ಧ ದಾರಿಯಲ್ಲಿ 22.5. ಇದು ತಪ್ಪು. ಕ್ಯಾಮೆರಾ ಗೋಳವನ್ನು ಚಪ್ಪಟೆ ಪರದೆಯ ಮೇಲೆ ಮೂಡಿಸುತ್ತದೆ, ಅಲ್ವಾ? ಅಲ್ಲಿ ಕೋನ ಟ್ಯಾನ್‌ಜೆಂಟ್ ಲೆಕ್ಕದಲ್ಲಿ ಹರಡುತ್ತದೆ. ಅರ್ಧ ದಾರಿಯಲ್ಲಿ ನಿಜವಾದ ಕೋನ ಸುಮಾರು 26.6 ಡಿಗ್ರಿ. ನಾಲ್ಕು ಡಿಗ್ರಿ ವ್ಯತ್ಯಾಸ ಅಂದರೆ ಒಂದು ಬಾಗಿಲ ಹಿಡಿಕೆ ಪೂರ್ತಿ ತಪ್ಪಿಹೋಗುತ್ತದೆ. ತಲೆ ಬಗ್ಗಿಸಿ ನೋಡುವಾಗ ಇನ್ನೂ ಕಷ್ಟ, ಯಾ ಮತ್ತು ಪಿಚ್ ಎರಡೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಸರಿಯಾದ ದಾರಿ ಇದು. ಕ್ಯಾಮೆರಾದಿಂದ ಕ್ಲಿಕ್ ಆದ ಬಿಂದುವಿನ ಮೂಲಕ ಒಂದು ಕಿರಣ ಕಳುಹಿಸಿ, ಅದು ಹೋಗುವ ದಿಕ್ಕನ್ನು ತೆಗೆದುಕೊಳ್ಳಿ. ಬ್ರೌಸರ್‌ನಲ್ಲಿ 3ಡಿ ತೋರಿಸುವ ತ್ರೀ ಜೆಎಸ್‌ನಲ್ಲಿ ರೇಕಾಸ್ಟರ್ ಇದನ್ನೇ ಮಾಡುತ್ತದೆ. ಯೂನಿಟಿ, ಗೊಡೋ ಅನ್ನುವ ಗೇಮ್ ಎಂಜಿನ್‌ಗಳು ಎರಡರಲ್ಲೂ ಕ್ಯಾಮೆರಾಗೆ ಇಂಥ ಫಂಕ್ಷನ್ ಇದೆ. ನೀವೇ ತ್ರಿಕೋನಮಿತಿ ಬರೆಯುವ ಅಗತ್ಯ ಇಲ್ಲ.

ಮುಂದೆ ಹೋಗುವ ಮೊದಲು ಒಂದು ಕೆಲಸ ಮಾಡಿ, ಇದನ್ನು ದಯವಿಟ್ಟು ಬಿಡಬೇಡಿ. ನಿಮ್ಮ ಕೋಣೆಯ ಬದಲು ಒಂದು ಪರೀಕ್ಷೆಯ ಪನೋರಮಾ ಹಾಕಿ: ಬಿಳಿ ಚಿತ್ರ, ಪ್ರತಿ 10 ಡಿಗ್ರಿಗೆ ಗೆರೆ, ಗೆರೆಯ ಪಕ್ಕ ಅಂಕಿ. ಕ್ಲಿಕ್ ಮಾಡಿದಾಗ ಬರುವ ಯಾ ಮತ್ತು ಪಿಚ್ ಗೆರೆಯ ಅಂಕಿಗೆ ಹೊಂದುತ್ತದಾ ನೋಡಿ. ಗೋಳವನ್ನು ಒಳಗಿನಿಂದ ನೋಡುವಾಗ ಚಿತ್ರ ಕನ್ನಡಿಯಂತೆ ಎಡಬಲ ತಿರುಗಿರಬಹುದು. ಚಿತ್ರದ ನಡುಭಾಗ ನಿಮ್ಮ ಎಂಜಿನ್‌ನ ಸೊನ್ನೆ ಡಿಗ್ರಿಗೆ ಬರದೆ 90 ಡಿಗ್ರಿ ಆಚೆ ಕೂತಿರಬಹುದು. ಎರಡೂ ಈ ಗೆರೆಗಳ ಚಿತ್ರದಲ್ಲಿ ತಕ್ಷಣ ಕಣ್ಣಿಗೆ ಬೀಳುತ್ತವೆ, ಕೋಣೆಯ ಚಿತ್ರದಲ್ಲಿ ಮಾತ್ರ ಗಂಟೆಗಟ್ಟಲೆ ತಲೆ ತಿನ್ನುತ್ತವೆ. ಪನೋರಮಾ ತೋರಿಸುವ ಟೂಲ್‌ಗಳ ನಡುವೆ ಪ್ಲಸ್ ಮೈನಸ್ ಚಿಹ್ನೆಯೂ ಬೇರೆ. ಪ್ಯಾನೆಲಮ್‌ನಲ್ಲಿ ಮೇಲೆ ನೋಡಿದರೆ ಪಿಚ್ ಪ್ಲಸ್. ಕೆಆರ್‌ಪ್ಯಾನೋದಲ್ಲಿ ಕೆಳಗೆ ನೋಡಿದರೆ ಪ್ಲಸ್. ಮಾರ್ಜಿಪಾನೋ ಡಿಗ್ರಿಯನ್ನೇ ಬಿಟ್ಟು ರೇಡಿಯನ್‌ನಲ್ಲಿ (ಕೋನದ ಇನ್ನೊಂದು ಅಳತೆ) ಕೇಳುತ್ತದೆ. ಒಂದರಿಂದ ಇನ್ನೊಂದಕ್ಕೆ ಅಂಕಿಗಳನ್ನು ನಕಲು ಮಾಡುವಾಗ ಜೋಪಾನ. ಪ್ಯಾನೆಲಮ್‌ನಲ್ಲಿ ಹಾಟ್‌ಸ್ಪಾಟ್ ಡೀಬಗ್ ಅನ್ನುವ ಆಯ್ಕೆ ಆನ್ ಮಾಡಿದರೆ, ಕ್ಲಿಕ್ ಮಾಡಿದ ಕಡೆಯ ಯಾ ಮತ್ತು ಪಿಚ್ ಬ್ರೌಸರ್ ಕನ್ಸೋಲ್‌ನಲ್ಲಿ ಬರುತ್ತದೆ. ಬೇರೆ ಎಂಜಿನ್ ಬಳಸಿದರೂ ಇಂಥದ್ದೊಂದನ್ನು ಮೊದಲ ದಿನವೇ ಮಾಡಿಟ್ಟುಕೊಳ್ಳಿ.

ಹಿಂದಿನ ಬಾಗಿಲು ಅರ್ಧ ಮಾತ್ರ ಕೆಲಸ ಮಾಡುವುದಕ್ಕೆ ಕಾರಣ ಚಿತ್ರದ ಹೊಲಿಗೆ. ಚಿತ್ರದ ಎಡ ಅಂಚು, ಬಲ ಅಂಚು ಎರಡೂ ನಿಮ್ಮ ಬೆನ್ನ ಹಿಂದೆ ಸೇರುತ್ತವೆ. ಬಾಗಿಲಿನ ಒಂದು ಬದಿ 172ರಲ್ಲಿದೆ, ಇನ್ನೊಂದು ಬದಿ −173ರಲ್ಲಿದೆ. ನಡುವಿನ ಅಂತರ 15 ಡಿಗ್ರಿ. ಆದರೆ ಸುಮ್ನೆ ಕಳೆದರೆ 345 ಬರುತ್ತದೆ. ಇದಕ್ಕೆ ಮದ್ದು: ಕ್ಲಿಕ್ಕಿನ ಯಾ ಮತ್ತು ಹಾಟ್‌ಸ್ಪಾಟ್ ನಡುಬಿಂದುವಿನ ಯಾ, ಇವೆರಡರ ವ್ಯತ್ಯಾಸಕ್ಕೆ 540 ಸೇರಿಸಿ, 360ರಿಂದ ಭಾಗಿಸಿ ಬಂದ ಶೇಷದಿಂದ 180 ಕಳೆಯಿರಿ. ಯಾವಾಗಲೂ −180ರಿಂದ 180ರ ಒಳಗಿನ, ಹತ್ತಿರದ ದಾರಿಯ ಅಂತರವೇ ಸಿಗುತ್ತದೆ. ರೆಂಡರ್ ಮಾಡುವಾಗಲೇ ಕ್ಯಾಮೆರಾವನ್ನು ಸ್ವಲ್ಪ ತಿರುಗಿಸಿ ಹೊಲಿಗೆಯನ್ನು ಖಾಲಿ ಗೋಡೆಯ ಮೇಲೆ ಬೀಳಿಸುವವರೂ ಇದ್ದಾರೆ. ನನಗೆ ಅದು ಇಷ್ಟ ಇಲ್ಲ. ನಾಳೆ ಆ ಗೋಡೆಗೆ ಒಂದು ಪಟ ತೂಗುಹಾಕಬೇಕು ಅನ್ನಿಸಿದರೆ ಮತ್ತೆ ಅದೇ ಕಥೆ.

ನೆಲಮುಚ್ಚಳದ್ದು ಇವೆಲ್ಲಕ್ಕಿಂತ ಸ್ವಾರಸ್ಯದ ವಿಷಯ. ಈ ಬಗೆಯ ಚಿತ್ರದಲ್ಲಿ ಮೇಲಿನ ಕೊನೆಯ ಸಾಲು ಪೂರ್ತಿ ಸೇರಿ ನೆತ್ತಿಯ ಒಂದೇ ಬಿಂದು. ಕೆಳಗಿನ ಕೊನೆಯ ಸಾಲು ಪೂರ್ತಿ ಸೇರಿ ಪಾದದ ಕೆಳಗಿನ ಒಂದೇ ಬಿಂದು. ಹಾಗಾಗಿ ಅಂಚಿಗೆ ಹೋದಷ್ಟೂ ಎಲ್ಲವೂ ಅಡ್ಡಕ್ಕೆ ಎಳೆದುಕೊಳ್ಳುತ್ತದೆ. ಪಿಚ್ −60ರಲ್ಲಿ ಎರಡು ಪಟ್ಟು, −70ರಲ್ಲಿ ಸುಮಾರು ಮೂರು ಪಟ್ಟು. −70ರಲ್ಲಿ 5 ಡಿಗ್ರಿ ತ್ರಿಜ್ಯದ ಒಂದು ದುಂಡು ಮುಚ್ಚಳ ಇದ್ದರೆ ಚಿತ್ರದಲ್ಲಿ ಅದು ಅಡ್ಡಕ್ಕೆ ಸುಮಾರು 30 ಡಿಗ್ರಿ ಹರಡಿರುತ್ತದೆ. ಇನ್ನು ಮುಚ್ಚಳ ಸರಿಯಾಗಿ ಪಾದದ ಕೆಳಗೇ ಇದ್ದರೆ, ಯಾ ಪಿಚ್ ಆಯತದಲ್ಲಿ ಅದನ್ನು ಹಿಡಿಯುವುದು ಆಗದ ಮಾತು.

ಹಾಗಾದರೆ ಏನು ಮಾಡುವುದು? ಪ್ರತಿ ಹಾಟ್‌ಸ್ಪಾಟನ್ನೂ ಅದಕ್ಕೆ ನೇರವಾಗಿ ಮುಖಮಾಡಿ ನೋಡಿ. ದುಂಡು ಹಾಟ್‌ಸ್ಪಾಟ್ ಆದರೆ ತುಂಬ ಸರಳ. ಕ್ಲಿಕ್ಕಿನ ದಿಕ್ಕು, ಹಾಟ್‌ಸ್ಪಾಟ್ ನಡುಬಿಂದುವಿನ ದಿಕ್ಕು, ಎರಡನ್ನೂ ಉದ್ದ 1 ಇರುವ ವೆಕ್ಟರ್ (ದಿಕ್ಕು ತೋರಿಸುವ ಮೂರು ಅಂಕಿ) ಮಾಡಿ ಡಾಟ್ ಪ್ರಾಡಕ್ಟ್ (ಅಂಕಿಗಳನ್ನು ಜೋಡಿಜೋಡಿಯಾಗಿ ಗುಣಿಸಿ ಕೂಡಿದ ಮೊತ್ತ) ತೆಗೆಯಿರಿ. ಅದು ತ್ರಿಜ್ಯದ ಕೊಸೈನ್‌ಗಿಂತ ಜಾಸ್ತಿ ಇದ್ದರೆ ಕ್ಲಿಕ್ ಒಳಗೆ ಬಿದ್ದಿದೆ. 5 ಡಿಗ್ರಿಗೆ ಆ ಅಂಕಿ 0.9962. ಹೊಲಿಗೆ, ನೆತ್ತಿ, ಪಾದ ಯಾವುದರ ಚಿಂತೆಯೂ ಇಲ್ಲ.

ಮೂಲೆಗಳಿರುವ ಆಕಾರಕ್ಕೂ ಇದೇ ಯೋಚನೆ. ಮೂಲೆಗಳನ್ನೂ ಕ್ಲಿಕ್ಕನ್ನೂ ಒಟ್ಟಿಗೆ ತಿರುಗಿಸಿ, ಹಾಟ್‌ಸ್ಪಾಟ್‌ನ ನಡುಬಿಂದು ಸೀದಾ ಎದುರಿಗೆ ಬರುವ ಹಾಗೆ ಮಾಡಿ. ಆಮೇಲೆ ಅಡ್ಡ ಅಳತೆಯನ್ನೂ ಎತ್ತರದ ಅಳತೆಯನ್ನೂ ಮುಂದಿನ ಅಳತೆಯಿಂದ ಭಾಗಿಸಿದರೆ ಎಲ್ಲವೂ ಒಂದು ಚಪ್ಪಟೆ ಹಾಳೆಯ ಮೇಲೆ ಬರುತ್ತವೆ. ಈ ಹಾಳೆಯ ಮೇಲೆ ಕೋಣೆಯ ನೇರ ಗೆರೆಗಳು ನೇರವಾಗಿಯೇ ಉಳಿಯುತ್ತವೆ. ಹಾಗಾಗಿ ಮುಚ್ಚಳಕ್ಕೆ ನಾಲ್ಕೇ ಮೂಲೆ ಸಾಕು. ಬಿಂದು ಬಹುಭುಜದ ಒಳಗಿದೆಯಾ ಅಂತ ನೋಡುವ ಮಾಮೂಲಿ ಕೋಡ್ ಸಾಕು. ಕ್ಲಿಕ್ ಹಾಟ್‌ಸ್ಪಾಟ್‌ಗೆ ಬೆನ್ನು ಮಾಡಿದ ದಿಕ್ಕಿನಲ್ಲಿಲ್ಲ, ಅಂದರೆ ಡಾಟ್ ಪ್ರಾಡಕ್ಟ್ ಸೊನ್ನೆಗಿಂತ ಜಾಸ್ತಿ ಇದೆ, ಅಂತ ಮಾತ್ರ ಮೊದಲೇ ಖಚಿತ ಮಾಡಿಕೊಳ್ಳಿ.

ನೀವು ಬ್ಲೆಂಡರ್‌ನಲ್ಲಿ ಮಾಡಿರುವುದರಿಂದ ನಿಮಗೆ ಇನ್ನೂ ಒಳ್ಳೆಯ ದಾರಿ ಇದೆ: ಬಣ್ಣದ ಮಾಸ್ಕ್. ಅದೇ ಕ್ಯಾಮೆರಾದಿಂದ ಇನ್ನೊಂದು ರೆಂಡರ್ ತೆಗೆಯಿರಿ, ಅದರಲ್ಲಿ ಪ್ರತಿ ವಸ್ತುವಿಗೆ ಒಂದೊಂದು ಚಪ್ಪಟೆ ಬಣ್ಣ, ಉಳಿದದ್ದೆಲ್ಲ ಕಪ್ಪು. ಕ್ಲಿಕ್ಕಿನ ದಿಕ್ಕಿಗೆ ಮಾಸ್ಕ್‌ನ ಯಾವ ಪಿಕ್ಸೆಲ್ ಬರುತ್ತದೆ, ಅದರ ಬಣ್ಣ ಏನು, ಅಷ್ಟೇ ಪ್ರಶ್ನೆ. ಪ್ರತಿ ದಿಕ್ಕಿಗೂ ಒಂದು ಪಿಕ್ಸೆಲ್ ಇದ್ದೇ ಇರುವುದರಿಂದ ಹೊಲಿಗೆಯೂ ಪಾದವೂ ತಾವಾಗಿಯೇ ಸರಿಹೋಗುತ್ತವೆ. ಮೇಜಿನ ಹಿಂದೆ ಅರ್ಧ ಮರೆಯಾದ ಪೆಟ್ಟಿಗೆಯ ಆಕಾರವನ್ನು ಕೈಯಲ್ಲಿ ಗೀಚುವ ಕೆಲಸವೂ ತಪ್ಪುತ್ತದೆ. ಇದು ಹಳೆಯ ಉಪಾಯ. 1990ರ ದಶಕದ ಆಪಲ್ ಕ್ವಿಕ್‌ಟೈಮ್ ವಿಆರ್‌ನಲ್ಲೂ ಹಾಟ್‌ಸ್ಪಾಟ್‌ಗಳು ಹೀಗೆಯೇ 8 ಬಿಟ್ ಬಣ್ಣದ ಚಿತ್ರವಾಗಿದ್ದವು, ಒಂದು ಬಣ್ಣಕ್ಕೆ ಒಂದು ಹಾಟ್‌ಸ್ಪಾಟ್.

ಮಾಸ್ಕ್‌ನಲ್ಲಿ ಕೆಡುವುದು ಒಂದೇ ಕಡೆ, ಬಣ್ಣಗಳು ಒಂದರಲ್ಲೊಂದು ಬೆರೆಯುವಾಗ. ಕೆಂಪು ಮತ್ತು ನೀಲಿಯ ನಡುವಿನ ಅಂಚಿನಲ್ಲಿ ನೇರಳೆ ಬಂದುಬಿಟ್ಟರೆ, ಆ ನೇರಳೆ ಬೇರೆ ಯಾವುದೋ ವಸ್ತುವಿನ ಗುರುತಾಗಿರಬಹುದು. ಆದ್ದರಿಂದ ಎಮಿಷನ್ ಮೆಟೀರಿಯಲ್ ಬಳಸಿ, ಬ್ಲೆಂಡರ್‌ನ ಸೈಕಲ್ಸ್ ರೆಂಡರರ್‌ನಲ್ಲಿ ಸ್ಯಾಂಪಲ್ ಒಂದೇ ಇಡಿ, ಡಿನಾಯ್ಸ್ ಆಫ್ ಮಾಡಿ, ವ್ಯೂ ಟ್ರಾನ್ಸ್‌ಫಾರ್ಮ್ ಅನ್ನು ಸ್ಟ್ಯಾಂಡರ್ಡ್‌ಗೆ ತನ್ನಿ, ಔಟ್‌ಪುಟ್‌ನ ಡಿದರ್ ಸೊನ್ನೆ ಮಾಡಿ. ಪಿಎನ್‌ಜಿಯಲ್ಲಿ ಉಳಿಸಿ. ಜೆಪೆಗ್ ಬೇಡವೇ ಬೇಡ. ಎಂಜಿನ್‌ನಲ್ಲಿ ಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸದ ನಿಯರೆಸ್ಟ್ ಫಿಲ್ಟರ್ ಇರಲಿ. ಮಾಸ್ಕ್ ಮೂಲ ಚಿತ್ರದಷ್ಟು ದೊಡ್ಡದಾಗಿರಬೇಕಿಲ್ಲ, 1024×512 ಇದ್ದರೂ ಒಂದು ಡಿಗ್ರಿಗೆ ಸುಮಾರು ಮೂರು ಪಿಕ್ಸೆಲ್ ಸಿಗುತ್ತದೆ.

ಆದರೆ ಮಾಸ್ಕ್ ವಸ್ತುವಿನ ಆಕಾರವನ್ನು ಇದ್ದ ಹಾಗೇ ಹಿಡಿಯುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆಟಗಾರ ಕ್ಲಿಕ್ ಮಾಡುವುದು ವಸ್ತುವಿನ ಆಕಾರದ ಮೇಲಲ್ಲ, ತನ್ನ ಉದ್ದೇಶದ ಮೇಲೆ. ಮೊಳೆಗೆ ತೂಗುಹಾಕಿದ ಬೀಗದ ಕೈ ಬೇಕಾದವನು ಆ ತೆಳು ಲೋಹದ ಮೇಲೇ ಗುರಿಯಿಡಬೇಕು ಅನ್ನುವುದು ಅನ್ಯಾಯ. ಅದರ ಸುತ್ತ ಧಾರಾಳವಾಗಿ ಜಾಗ ಬಿಡಿ. ಮಾಸ್ಕ್‌ಗೆ ಅಂತಲೇ ಆ ಕೀ ಬದಲು ಒಂದು ದಪ್ಪ ಡಬ್ಬಿ ಇಟ್ಟು ರೆಂಡರ್ ಮಾಡಿದರೂ ಆಯಿತು. ಬಾಗಿಲು ತೆರೆಯಲು ಹಿಡಿಕೆ ಮಾತ್ರ ಅಲ್ಲ, ಇಡೀ ಬಾಗಿಲು ಹಾಟ್‌ಸ್ಪಾಟ್ ಆಗಿರಲಿ. ಹಿಡಿಕೆಯಲ್ಲೇ ಒಗಟು ಇದ್ದರೆ ಮಾತ್ರ ಅದನ್ನು ಬೇರೆ ಮಾಡಿ. ಆಟದ ಕಷ್ಟ ಒಗಟಿನಲ್ಲಿರಬೇಕು, ಕರ್ಸರ್ ಹಿಡಿದು ಗೋಡೆಯೆಲ್ಲ ತಡಕುವುದರಲ್ಲಿ ಅಲ್ಲ.

ಎಷ್ಟು ದೊಡ್ಡದಿರಬೇಕು ಅಂದರೆ, ಲೆಕ್ಕ ಹಾಕಿಯೇ ನೋಡಿ. 1920 ಪಿಕ್ಸೆಲ್ ಅಗಲದ ಸ್ಕ್ರೀನ್, 90 ಡಿಗ್ರಿ ನೋಟ ಇದ್ದರೆ ನಡುಭಾಗದಲ್ಲಿ ಒಂದು ಡಿಗ್ರಿಗೆ ಸುಮಾರು 17 ಪಿಕ್ಸೆಲ್. 3 ಡಿಗ್ರಿಯ ವಸ್ತು 50 ಪಿಕ್ಸೆಲ್, ಮೌಸ್‌ಗೆ ಸಾಕು. ಅಡ್ಡ ಹಿಡಿದ ಫೋನಿನ ಅಗಲ 800 ಯೂನಿಟ್ (ಪಿಕ್ಸೆಲ್ ಅಲ್ಲ, ಆಪ್‌ಗಳು ಅಳೆಯುವ ಪಾಯಿಂಟ್) ಅಂತಿಟ್ಟುಕೊಳ್ಳಿ. ಅಲ್ಲಿ ಒಂದು ಡಿಗ್ರಿಗೆ 7 ಮಾತ್ರ. ಬೆರಳಿಗೆ ಆಪಲ್ ಹೇಳುವ ಕನಿಷ್ಠ ಅಳತೆ 44 ಪಾಯಿಂಟ್, ಆಂಡ್ರಾಯ್ಡ್‌ನಲ್ಲಿ 48. ಅಂದರೆ ಫೋನಿನಲ್ಲಿ ಆರೇಳು ಡಿಗ್ರಿಗಿಂತ ಚಿಕ್ಕ ಹಾಟ್‌ಸ್ಪಾಟ್ ಇಡಬೇಡಿ. ಚಿಕ್ಕ ವಸ್ತುಗಳು ಗುಂಪಾಗಿದ್ದರೆ ಮೊದಲ ಕ್ಲಿಕ್ಕಿಗೆ ಹತ್ತಿರದ ನೋಟ ತೆರೆಯಲಿ, ಅಲ್ಲಿ ಒಂದೊಂದಾಗಿ ಆರಿಸಿಕೊಳ್ಳಲಿ. ಹಾಟ್‌ಸ್ಪಾಟ್‌ಗಳು ಒಂದರ ಮೇಲೊಂದು ಬಿದ್ದರೆ ಚಿಕ್ಕದೇ ಗೆಲ್ಲಲಿ.

ಈಗ ಎಳೆದಾಗ ತೆರೆದುಕೊಳ್ಳುವ ಡ್ರಾಯರ್. ಮೌಸ್ ಒತ್ತಿದ ಕ್ಷಣಕ್ಕೆ ಏನನ್ನೂ ಮಾಡಬೇಡಿ. ಒತ್ತಿದ ಜಾಗ ನೆನಪಿಟ್ಟುಕೊಂಡು, ಬಿಟ್ಟಾಗ ನೋಡಿ. ನಡುವೆ ಐದಾರು ಪಿಕ್ಸೆಲ್‌ಗಿಂತ ಜಾಸ್ತಿ ಸರಿದಿದ್ದರೆ ಅದು ಎಳೆತ, ಕ್ಲಿಕ್ ಅಲ್ಲ. ಬೆರಳಿಗಾದರೆ ಹತ್ತರವರೆಗೂ ಬಿಡಿ, ಬೆರಳು ಸ್ವಲ್ಪ ಜಾರುತ್ತದೆ. ಒತ್ತಿದ್ದು ಬಿಟ್ಟಿದ್ದು ಎರಡೂ ಒಂದೇ ಹಾಟ್‌ಸ್ಪಾಟ್ ಮೇಲೆ ಆಗಿರಬೇಕು ಅನ್ನುವ ಷರತ್ತೂ ಇರಲಿ.

ಒಂದು ಜಾಗದಿಂದ ಇನ್ನೊಂದಕ್ಕೆ ಕರೆದೊಯ್ಯುವ ಹಾಟ್‌ಸ್ಪಾಟ್‌ಗಳನ್ನು ಕಣ್ಣಳತೆಯಲ್ಲಿ ಇಡಬೇಡಿ. ಬ್ಲೆಂಡರ್‌ನಲ್ಲಿ ಎರಡೂ ಕ್ಯಾಮೆರಾಗಳ ಸ್ಥಾನ ನಿಮಗೆ ಗೊತ್ತೇ ಇದೆ. ಅವುಗಳ ವ್ಯತ್ಯಾಸದಿಂದ ಯಾ ನೇರವಾಗಿ ಬರುತ್ತದೆ. ಕ್ಯಾಮೆರಾ ಎತ್ತರ 1.6 ಮೀಟರ್, ಮುಂದಿನ ಜಾಗ 4 ಮೀಟರ್ ದೂರ ಇದ್ದರೆ ನೆಲದ ಬಾಣದ ಗುರುತು ಪಿಚ್ −22ರ ಹತ್ತಿರ ಬರಬೇಕು. ಎಲ್ಲ ಕ್ಯಾಮೆರಾಗಳೂ ಒಂದೇ ದಿಕ್ಕಿಗೆ ಮುಖಮಾಡಿರಲಿ. ಆಗ ಹೊಸ ಜಾಗಕ್ಕೆ ಹೋದಾಗ ಹಳೆಯ ಯಾ ಕೋನವನ್ನು ಹಾಗೇ ಮುಂದುವರಿಸಬಹುದು. ನಡೆದ ದಿಕ್ಕಿಗೇ ನೋಟ ಇರುವುದರಿಂದ ಆಟಗಾರ ದಾರಿ ತಪ್ಪುವುದಿಲ್ಲ. ಇದು ಚಿಕ್ಕ ವಿಷಯದಂತೆ ಕಾಣುತ್ತದೆ. ಆದರೆ ಇದಿಲ್ಲದ ಗೇಮ್‌ಗಳಲ್ಲಿ ಎರಡು ಬಾಗಿಲು ದಾಟುವಷ್ಟರಲ್ಲಿ ಎಲ್ಲಿದ್ದೇನೆ ಅಂತಲೇ ಗೊತ್ತಾಗದೆ ಎಷ್ಟೋ ಜನ ಆಟ ಬಿಟ್ಟುಬಿಡುತ್ತಾರೆ.

ಹಾಟ್‌ಸ್ಪಾಟ್‌ಗಳನ್ನು ಕೋಡ್ ಒಳಗೆ ಬರೆಯದೆ ಪ್ರತ್ಯೇಕ ಜೇಸನ್ (JSON) ಡೇಟಾ ಫೈಲ್‌ನಲ್ಲಿಡಿ. ಹೆಸರು, ದಿಕ್ಕು ಅಥವಾ ಮಾಸ್ಕ್ ಬಣ್ಣ, ಯಾವ ಸ್ಥಿತಿಯಲ್ಲಿ ಮಾತ್ರ ಜೀವಂತ, ಇಷ್ಟಿದ್ದರೆ ಸಾಕು. ಡ್ರಾಯರ್ ತೆರೆದ ಮೇಲೆ ಒಳಗಿನ ಪತ್ರದ ಹಾಟ್‌ಸ್ಪಾಟ್ ಏಳಬೇಕು, ಪತ್ರ ತೆಗೆದುಕೊಂಡ ಮೇಲೆ ಮಲಗಬೇಕು. ತೆರೆದ ಡ್ರಾಯರ್ ಮುಂದಕ್ಕೆ ಚಾಚಿಕೊಳ್ಳುವುದರಿಂದ ಅದರ ಆಕಾರವೂ ಬೇರೆ, ಆ ಸ್ಥಿತಿಗೆ ಇನ್ನೊಂದು ಮಾಸ್ಕ್ ಬೇಕಾಗುತ್ತದೆ.

ಕೊನೆಗೆ, ಗೇಮ್ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಆಡಿಸಿ. ಪಕ್ಕದಲ್ಲಿ ಕೂತು ಸುಳಿವು ಕೊಡಬೇಡಿ. ಯಾವ ಹಾಟ್‌ಸ್ಪಾಟ್‌ಗೂ ತಾಗದೆ ಹೋದ ಕ್ಲಿಕ್‌ಗಳ ಯಾ, ಪಿಚ್ ಎಲ್ಲವನ್ನೂ ಒಂದು ಫೈಲಿಗೆ ಬರೆಸಿಕೊಳ್ಳಿ. ಆಮೇಲೆ ಅವನ್ನು ಪನೋರಮಾ ಮೇಲೆ ಚುಕ್ಕೆಗಳಾಗಿ ಮೂಡಿಸಿ. ವಸ್ತುವಿನ ಪಕ್ಕದಲ್ಲೇ ಚುಕ್ಕೆಗಳು ಗುಂಪುಗೂಡಿದ್ದರೆ ಆ ಹಾಟ್‌ಸ್ಪಾಟ್ ಚಿಕ್ಕದಾಯಿತು. ನೀವು ಏನೂ ಇಡದ ಕಪಾಟಿನ ಮೇಲೆ ಗುಂಪುಗೂಡಿದ್ದರೆ, ಅಲ್ಲಿ ಏನೋ ಇದೆ ಅಂತ ನಿಮ್ಮ ಚಿತ್ರ ಹೇಳುತ್ತಿದೆ. ಅಲ್ಲೂ ಒಂದು ಹಾಟ್‌ಸ್ಪಾಟ್ ಇಟ್ಟು, ಕಪಾಟು ಖಾಲಿ ಇದೆ ಅಂತ ಒಂದು ಸಾಲಾದರೂ ಹೇಳಿಸಿ.