10x12 ಹಾಲ್‌ನಲ್ಲಿ ದಸರಾ ಗೊಂಬೆ

10ಕ್ಕೆ 12 ಅಡಿ ಹಾಲ್, 9 ಮೆಟ್ಟಿಲು ಗೊಂಬೆ, ಸಂಜೆ ಅರಿಶಿನ ಕುಂಕುಮಕ್ಕೆ 15 ಜನ, ಸೋಫಾ ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು 9 ಮೆಟ್ಟಿಲ ಆಸೆ ಬಿಡಿ. ಒಂದೊಂದು ಮೆಟ್ಟಿಲು 9 ಇಂಚು ಅಗಲ ಅಂದರೂ ಸುಮಾರು 7 ಅಡಿ ಅಲ್ಲೇ ಹೋಯ್ತು. ಜನ ಎಲ್ಲಿ ಕೂರಬೇಕು? 5 ಮೆಟ್ಟಿಲು ಸಾಕು, 4 ಅಡಿಯೊಳಗೆ ಮುಗಿಯುತ್ತದೆ. ಬೆಸ ಸಂಖ್ಯೆಯೂ ಆಯ್ತು, ಅಲ್ವಾ?

ಸ್ಟ್ಯಾಂಡ್ ಕೊಳ್ಳಬೇಡಿ. ಟ್ರಂಕು, ಬೆಂಚು, ಗಟ್ಟಿ ರಟ್ಟಿನ ಡಬ್ಬ ಜೋಡಿಸಿ ಬಿಳಿ ಪಂಚೆ ಹೊದಿಸಿ. ಪಟ್ಟದ ಗೊಂಬೆ ಮೇಲೆ, ಚನ್ನಪಟ್ಟಣದ ಆಟಿಕೆಗಳು ಕೆಳಗೆ. ಮಕ್ಕಳು ಮುಟ್ಟಿಯೇ ಮುಟ್ಟುತ್ತಾರೆ, ಮರದ್ದಾದರೆ ಒಡೆಯುವ ಭಯ ಇಲ್ಲ. ಮಿಣುಕುವ ಸೀರಿಯಲ್ ಲೈಟ್ ಬೇಡ, ಕಣ್ಣಿಗೆ ಹಿಂಸೆ. ಹಳದಿ ಬೆಳಕಿನ ಒಂದೇ ಸರ ಮುಂದಿನಿಂದ ಬೆಳಕು ಬೀಳುವ ಹಾಗೆ ಬಿಡಿ, ಗೊಂಬೆಗಳ ಮುಖ ಚೆನ್ನಾಗಿ ಕಾಣುತ್ತದೆ.

ಸೋಫಾ ಮಲಗುವ ಕೋಣೆಗೆ. ಹಾಲ್‌ಗೆ ಜಮಖಾನ, ಮಂಡಿನೋವಿನ ಹಿರಿಯರಿಗೆ ಎರಡು ಕುರ್ಚಿ. ಉಸಲಿಯನ್ನು ದೊನ್ನೆಯಲ್ಲಿ ಕೊಟ್ಟರೆ ತಟ್ಟೆ ತೊಳೆಯುವ ಕೆಲಸವೂ ಇಲ್ಲ. ತಾಂಬೂಲದ ತಟ್ಟೆ ಬಾಗಿಲ ಪಕ್ಕ ಇಡಿ. ನಾನು ಒಂದು ವರ್ಷ ಅಡುಗೆಮನೆಯಲ್ಲಿಟ್ಟು, ಹೊರಟವರನ್ನೆಲ್ಲ ಚಪ್ಪಲಿ ಬಿಚ್ಚಿಸಿ ಮತ್ತೆ ಒಳಗೆ ಕರೆದಿದ್ದೆ!