‘ಮಲತಾಯಿ ಧೋರಣೆ’ ಎಂದರೆ ಸಾಲದು: ಪದ್ಮ ಪ್ರಶಸ್ತಿಯ ಲೇಖನ ಕಳಿಸಿದವರಿಗೆ

ನಮಸ್ಕಾರ.

‘ಪದ್ಮ ಪ್ರಶಸ್ತಿ: ಕನ್ನಡಿಗರಿಗೆ ಮತ್ತೆ ಅನ್ಯಾಯ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನಿಮ್ಮ ದೂರಿನಲ್ಲಿ ಹುರುಳಿದೆ, ಆದರೆ ನೀವು ಕೊಟ್ಟ ಸಾಕ್ಷಿಯೇ ಅದನ್ನು ಕೆಡವುತ್ತದೆ.

2025ರ ಪಟ್ಟಿ ಮುಂದಿಟ್ಟು ‘ಕರ್ನಾಟಕಕ್ಕೆ ಬರೀ ಒಂಬತ್ತು’ ಎಂದಿದ್ದೀರಿ. ಆ ವರ್ಷ ಕೊಟ್ಟದ್ದು ಒಟ್ಟು 139: 7 ಪದ್ಮವಿಭೂಷಣ, 19 ಪದ್ಮಭೂಷಣ, 113 ಪದ್ಮಶ್ರೀ. ಅದರಲ್ಲಿ 9 ಎಂದರೆ ಹೆಚ್ಚುಕಡಿಮೆ ಶೇ 6.5. 2011ರ ಜನಗಣತಿಯಂತೆ ದೇಶದ 121 ಕೋಟಿ ಜನರಲ್ಲಿ ಕರ್ನಾಟಕದವರು 6.11 ಕೋಟಿ, ಅಂದರೆ ಶೇ 5. ಓದುವವರು ಕೈಯಲ್ಲಿರುವ ಫೋನಿನಲ್ಲೇ ಭಾಗಿಸಿ ನೋಡುತ್ತಾರೆ. ಅಲ್ಲಿಂದ ಮುಂದೆ ನಿಮ್ಮ ಒಂದು ಮಾತನ್ನೂ ನಂಬುವುದಿಲ್ಲ. ಒಂದೇ ವರ್ಷದ ಪಟ್ಟಿಯಿಂದ ಅನ್ಯಾಯವೂ ಸಾಬೀತಾಗದು, ನ್ಯಾಯವೂ ಸಾಬೀತಾಗದು. ಕನಿಷ್ಠ ಹತ್ತು ವರ್ಷದ ಪಟ್ಟಿ ಹಿಡಿಯಿರಿ. ಇನ್ನೂ ಹಿಂದಕ್ಕೆ ಹೋಗುವುದಾದರೆ 1978, 1979 ಮತ್ತು 1993ರಿಂದ 1997ರವರೆಗೆ ಪ್ರಶಸ್ತಿ ಕೊಟ್ಟೇ ಇಲ್ಲ ಎಂಬುದು ನೆನಪಿರಲಿ. 1954ರಿಂದ ಎಲ್ಲ ವರ್ಷಗಳನ್ನೂ ಸೇರಿಸಿ ಭಾಗಿಸಿದ್ದರಿಂದಲೇ ನಿಮ್ಮ ಸರಾಸರಿ ತಪ್ಪಾಗಿದೆ.

ಒಟ್ಟು ಸಂಖ್ಯೆ ಬಿಟ್ಟು ಅದೇ ಒಂಬತ್ತು ಹೆಸರುಗಳನ್ನು ಮಟ್ಟದ ಪ್ರಕಾರ ಜೋಡಿಸಿ ನೋಡಿ. ಎಲ್ಲಕ್ಕಿಂತ ಮೇಲಿನ ಪದ್ಮವಿಭೂಷಣ ಪಿಟೀಲು ವಾದಕ ಎಲ್. ಸುಬ್ರಮಣ್ಯಂ ಅವರಿಗೆ, ಅದರ ಕೆಳಗಿನ ಪದ್ಮಭೂಷಣ ನಟ ಅನಂತನಾಗ್ ಮತ್ತು ಪತ್ರಕರ್ತ ಎ. ಸೂರ್ಯಪ್ರಕಾಶ್ ಅವರಿಗೆ. ಕೊಪ್ಪಳ ಸೀಮೆಯ ತೊಗಲುಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ, ಬಾಗಲಕೋಟೆಯ ಗೊಂದಲಿ ಹಾಡಿನ ವೆಂಕಪ್ಪ ಸುಗತೇಕರ, ಕಲಬುರಗಿಯಲ್ಲಿ ಹುಟ್ಟಿ ಕ್ಯಾನ್ಸರ್ ಶಸ್ತ್ರವೈದ್ಯೆಯಾದ ವಿಜಯಲಕ್ಷ್ಮೀ ದೇಶಮಾನೆ, ಉತ್ತರ ಕರ್ನಾಟಕದ ಈ ಮೂವರಿಗೂ ಬಂದದ್ದು ಪದ್ಮಶ್ರೀ. ಪ್ರಶಸ್ತಿ ಬಂದಾಗ ಭೀಮವ್ವನವರಿಗೆ ತೊಂಬತ್ತು ದಾಟಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 2018ರಲ್ಲಿ ಪದ್ಮಶ್ರೀ ಪಡೆದು ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ಹಳ್ಳಿಯ ಸಾಧಕರಿಗೆ ಕೆಳಗಿನ ಮಟ್ಟ, ಅದೂ ಬಾಳಿನ ಕೊನೆಯಲ್ಲಿ: ನಿಮ್ಮ ಲೇಖನ ಕೇಳಬೇಕಾದ ಪ್ರಶ್ನೆ ಇದು. ಸಾಹಿತ್ಯದಿಂದಲೂ ಒಂದು ಉದಾಹರಣೆ ಸೇರಿಸಬಹುದು. ಜ್ಞಾನಪೀಠ ಪಡೆದ ಬೇಂದ್ರೆಯವರಿಗೆ 1968ರ ಪದ್ಮಶ್ರೀಯಾದ ಮೇಲೆ ಮೇಲಿನ ಪದ್ಮ ಬರಲೇ ಇಲ್ಲ. ಪ್ರತಿ ಹೆಸರಿನ ಮುಂದೆ ನಾಲ್ಕು ಕಾಲಂ ಎಳೆಯಿರಿ: ಮಟ್ಟ, ಕ್ಷೇತ್ರ, ಆಗಿನ ವಯಸ್ಸು, ಜಿಲ್ಲೆ. ಹತ್ತು ವರ್ಷಕ್ಕೆ ಇದನ್ನು ತುಂಬಲು ಒಂದು ವಾರ ಬೇಕಾದೀತು. ಆ ಕೆಲಸ ತಪ್ಪಿಸಿಕೊಳ್ಳಬೇಡಿ.

ಪಟ್ಟಿಯ ‘ರಾಜ್ಯ’ ಎಂಬ ಕಾಲಂ ಹುಟ್ಟೂರನ್ನೂ ಹೇಳುವುದಿಲ್ಲ, ಭಾಷೆಯನ್ನೂ ಹೇಳುವುದಿಲ್ಲ. ಸುಬ್ರಮಣ್ಯಂ ಚೆನ್ನೈನಲ್ಲಿ ಹುಟ್ಟಿದವರು, ಪಟ್ಟಿಯಲ್ಲಿ ಕರ್ನಾಟಕ. ಗದಗ ಸೀಮೆಯ ಭೀಮಸೇನ ಜೋಶಿಯವರು ಬಾಳಿದ್ದು ಪುಣೆಯಲ್ಲಿ. ನೀವು ಒಂದು ಪುಟದಲ್ಲಿ ‘ಕನ್ನಡಿಗರು’ ಎನ್ನುತ್ತೀರಿ, ಮುಂದಿನದರಲ್ಲಿ ‘ಕರ್ನಾಟಕ’ ಎನ್ನುತ್ತೀರಿ. ಯಾವುದನ್ನು ಎಣಿಸುತ್ತಿದ್ದೀರಿ ಎಂದು ಮೊದಲೇ ಹೇಳಿ, ಕೊನೆತನಕ ಅದಕ್ಕೇ ಕಟ್ಟುಬೀಳಿ.

ದೊಡ್ಡ ತಪ್ಪು ನಡೆದಿರುವುದು ಸಿದ್ಧಗಂಗಾ ಶ್ರೀಗಳ ಭಾಗದಲ್ಲಿ. ‘ಪದ್ಮ ಸಮಿತಿಯು ಶ್ರೀಗಳಿಗೆ ಭಾರತರತ್ನ ನಿರಾಕರಿಸಿತು’ ಎಂದು ಬರೆದಿದ್ದೀರಿ. ಪದ್ಮ ಸಮಿತಿಗೂ ಭಾರತರತ್ನಕ್ಕೂ ಸಂಬಂಧವಿಲ್ಲ. ಸಂಪುಟ ಕಾರ್ಯದರ್ಶಿ ಅಧ್ಯಕ್ಷರಾಗಿ, ಗೃಹ ಕಾರ್ಯದರ್ಶಿ, ರಾಷ್ಟ್ರಪತಿಗಳ ಕಾರ್ಯದರ್ಶಿ ಮತ್ತು ನಾಲ್ಕರಿಂದ ಆರು ಮಂದಿ ಗಣ್ಯರಿರುವ ಆ ಸಮಿತಿ ನೋಡುವುದು ಪದ್ಮದ ಮೂರು ಮಟ್ಟಗಳನ್ನು ಮಾತ್ರ. ಭಾರತರತ್ನಕ್ಕೆ ಪ್ರಧಾನಿಯವರೇ ನೇರವಾಗಿ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆ ಹೋಗಬೇಕಾದ ಬಾಗಿಲೇ ಬೇರೆ.

ಈ ಭಾಗವನ್ನು ದಿನಾಂಕಗಳಿಂದಲೇ ಕಟ್ಟಬಹುದು. 2015ರಲ್ಲಿ ಶ್ರೀಗಳಿಗೆ ಪದ್ಮಭೂಷಣ. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದರು. ನಾಲ್ಕೇ ದಿನದ ಮೇಲೆ, 25ರಂದು, ಆ ವರ್ಷದ ಭಾರತರತ್ನ ಪ್ರಕಟವಾಯಿತು: ಪ್ರಣವ್ ಮುಖರ್ಜಿ, ಜೊತೆಗೆ ಮರಣೋತ್ತರವಾಗಿ ಭೂಪೇನ್ ಹಜಾರಿಕಾ ಮತ್ತು ನಾನಾಜಿ ದೇಶಮುಖ್. ‘ತೀರಿಹೋದವರಿಗೆ ಕೊಡುವುದಿಲ್ಲ’ ಎಂಬ ಉತ್ತರ ನಿಲ್ಲುವುದಿಲ್ಲ, 1988ರಲ್ಲಿ ತೀರಿಕೊಂಡ ಕರ್ಪೂರಿ ಠಾಕೂರರಿಗೆ 2024ರಲ್ಲಿ ಕೊಟ್ಟಿದ್ದಾರೆ. ‘ವರ್ಷಕ್ಕೆ ಮೂವರಿಗಷ್ಟೇ’ ಎಂಬುದೂ ನಿಲ್ಲುವುದಿಲ್ಲ, ಅದೇ ವರ್ಷ ಐವರಿಗೆ ಸಂದಿದೆ. ಇಷ್ಟನ್ನು ಅಲಂಕಾರವಿಲ್ಲದೆ ಹೇಳಿದರೆ ನಿಮ್ಮ ಆರು ಆಶ್ಚರ್ಯಚಿಹ್ನೆಗಳಿಗಿಂತ ಗಟ್ಟಿಯಾಗಿ ಕೇಳಿಸುತ್ತದೆ. ಜೊತೆಗೆ ವಿಶ್ವೇಶ್ವರಯ್ಯ, ಭೀಮಸೇನ ಜೋಶಿ, ಸಿ.ಎನ್.ಆರ್. ರಾವ್ ಅವರಿಗೆ ಭಾರತರತ್ನ ಬಂದದ್ದನ್ನು ನೀವೇ ಹೇಳಿಬಿಡಿ. ಅದನ್ನು ಮುಚ್ಚಿಟ್ಟರೆ ಬೇರೆಯವರು ಎತ್ತಿ ತೋರಿಸುತ್ತಾರೆ.

ಹೆಸರು ಕಳಿಸುವ ಹಂತವನ್ನು ನೀವು ಮುಟ್ಟೇ ಇಲ್ಲ. ಕಡೆಗಣನೆ ಎಷ್ಟೋ ಸಲ ದೆಹಲಿಗೆ ಮೊದಲೇ, ಇಲ್ಲೇ ಆಗಿರುತ್ತದೆ. ಪದ್ಮಕ್ಕೆ ಯಾರು ಬೇಕಾದರೂ ಯಾರ ಹೆಸರನ್ನಾದರೂ, ತಮ್ಮದನ್ನೂ, ಆನ್‌ಲೈನ್‌ನಲ್ಲಿ ಸೂಚಿಸಬಹುದು. 2026ರ ಪ್ರಶಸ್ತಿಗೆ 2025ರ ಮಾರ್ಚ್ 15ರಿಂದ ಜುಲೈ 31ರವರೆಗೆ ಅವಕಾಶವಿತ್ತು, ಆಮೇಲೆ ಅದನ್ನು ಆಗಸ್ಟ್ 15ರವರೆಗೆ ವಿಸ್ತರಿಸಿದರು. ಸಾಧನೆಯ ವಿವರ 800 ಪದ ಮೀರಬಾರದು. ಗೊಂಬೆಯಾಡಿಸುವ ಮುದುಕಿಯ ಪರವಾಗಿ ಆ 800 ಪದ ಬರೆದು ಕೊಡುವವರು ಊರಲ್ಲಿ ಯಾರಿದ್ದಾರೆ? ನಗರದ ಸಂಸ್ಥೆಗಳಿಗೆ ಅದಕ್ಕೆ ಸಿಬ್ಬಂದಿಯೇ ಇರುತ್ತಾರೆ. ಭೀಮವ್ವ, ವೆಂಕಪ್ಪ ಇವರ ಹೆಸರು ಕಳಿಸಿದ್ದು ಯಾರು ಎಂದು ಅವರ ಮನೆಯವರನ್ನೇ ಕೇಳಿ ಬರೆಯಿರಿ. ಬೇರೆಲ್ಲೂ ಸಿಗದ ಮಾಹಿತಿ ಅದು.

ರಾಜ್ಯ ಸರ್ಕಾರವೂ ಹೆಸರು ಕಳಿಸುತ್ತದೆ. ಆ ಹೆಸರುಗಳನ್ನು ತಿಳಿಯಲು ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ‘ಯಾಕೆ ಕಳಿಸಲಿಲ್ಲ’ ಎಂದು ಕೇಳಬೇಡಿ. ಕಾರಣ ಕೇಳುವ ಅರ್ಜಿ ‘ಇದು ಮಾಹಿತಿಯಲ್ಲ’ ಎಂಬ ಉತ್ತರದೊಂದಿಗೆ ವಾಪಸು ಬರುತ್ತದೆ. ‘ಇಂಥ ವರ್ಷ ಕೇಂದ್ರಕ್ಕೆ ಕಳಿಸಿದ ಹೆಸರುಗಳ ಪಟ್ಟಿಯ ಮತ್ತು ಅದರ ಜೊತೆಗಿನ ಪತ್ರದ ಪ್ರತಿ ಕೊಡಿ’ ಎನ್ನಿ. ಅರ್ಜಿ ತಪ್ಪು ಇಲಾಖೆಗೆ ಹೋದರೂ ಚಿಂತೆಯಿಲ್ಲ, ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 6(3)ರಂತೆ ಅವರೇ 5 ದಿನದಲ್ಲಿ ಸರಿಯಾದ ಕಡೆಗೆ ವರ್ಗಾಯಿಸಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕದಂಬರಿಂದ ಶುರುವಾಗುವ ಮೊದಲ ಐದು ಪ್ಯಾರಾ ತೆಗೆಯಿರಿ. ‘ಮಲತಾಯಿ ಧೋರಣೆ’ ಏಳು ಕಡೆ ಇದೆ, ಏಳೂ ಬೇಡ. ‘ಪದ್ಮಶ್ರೀ’ಯನ್ನು ಹೆಸರಿನ ಹಿಂದೆ ಬಿರುದಿನಂತೆ ಅಂಟಿಸಬೇಡಿ, 1995ರಲ್ಲಿ ಸುಪ್ರೀಂ ಕೋರ್ಟ್ ಅದು ಕೂಡದು ಎಂದಿದೆ. ಬೇರೆ ರಾಜ್ಯದ ಪುರಸ್ಕೃತರನ್ನು ಹಳಿದಿರುವ ಪ್ಯಾರಾವನ್ನು ಪೂರ್ತಿ ಬಿಡಿ. ಅವರು ನಿಮ್ಮ ಪಾಲನ್ನು ಕಸಿದವರಲ್ಲ.

ಭೀಮವ್ವನವರಿಂದ ಶುರುಮಾಡಿ, 1,200 ಪದದೊಳಗೆ ಬರೆದು, ನಾಲ್ಕು ಕಾಲಮ್ಮಿನ ಆ ಪಟ್ಟಿಯನ್ನೂ ಆರ್‌ಟಿಐ ಉತ್ತರದ ಪ್ರತಿಯನ್ನೂ ಜೊತೆಗಿಟ್ಟು ಕಳಿಸಿ. ನಾವು ಮತ್ತೆ ಓದುತ್ತೇವೆ.