ಹರಾಜಿಗೆ ನಿಲ್ಲುವ ಮುನ್ನ
(18 ತುಂಬಿದ ಓದುಗರಿಗೆ ಮಾತ್ರ)

ಪ್ರಶ್ನೆ: ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಲೋಕದಲ್ಲಿ ವಯಸ್ಕರ ರೋಲ್‌ಪ್ಲೇ ಹರಾಜು (ನಿಂತವರು ಸವಾಲು ಗೆದ್ದವರ ಜೊತೆ ಒಪ್ಪಿದಷ್ಟು ಹೊತ್ತು ಪಾತ್ರ ಕಟ್ಟಿ ಆಡುವುದು) ನಡೆಯುವುದನ್ನು ಎರಡು ಸಲ ದೂರದಿಂದ ನೋಡಿದ್ದೇನೆ. ಒಮ್ಮೆ ನಾನೇ ನಿಲ್ಲಬೇಕೆಂಬ ಆಸೆ. ಏನೇನು ತಯಾರಿ ಬೇಕು?
– ಹೆಸರು ಬೇಡ, ಮೈಸೂರು

ಉತ್ತರ: ಮೊದಲು ಜಾಗ ನೋಡಿಕೊಳ್ಳಿ. ಸೆಕೆಂಡ್ ಲೈಫ್‌ನ ಪ್ರದೇಶಗಳಿಗೆ ಜನರಲ್, ಮಾಡರೇಟ್, ಅಡಲ್ಟ್ ಎಂಬ ಮೂರು ದರ್ಜೆಗಳಿವೆ. ಇಂಥ ಹರಾಜು ಅಡಲ್ಟ್ ದರ್ಜೆಯಲ್ಲೇ ನಡೆಯಬೇಕು. ಮಾಡರೇಟ್ ಜಾಗದಲ್ಲಿ ನಡೆಸುವವರಿದ್ದರೆ ಅವರು ನಿಯಮ ಓದಿಲ್ಲ ಎಂದರ್ಥ, ಅಲ್ಲಿಗೆ ಹೋಗಲೇಬೇಡಿ.

ಆಮೇಲೆ ನೋಟ್‌ಕಾರ್ಡ್, ಅಂದರೆ ಸೆಕೆಂಡ್ ಲೈಫ್ ಒಳಗೇ ಬರೆದು ಇತರರಿಗೆ ಕೊಡುವ ಟಿಪ್ಪಣಿ. ಇಡೀ ಆಟ ನಿಂತಿರುವುದು ಇದರ ಮೇಲೆ, ಸವಾಲಿನ ಮೊತ್ತದ ಮೇಲಲ್ಲ. ಅದರಲ್ಲಿ ಮೂರು ಪಟ್ಟಿ ಇರಲಿ: ಧಾರಾಳವಾಗಿ ಒಪ್ಪಿಗೆ ಇರುವುದು, ಕೇಳಿಯೇ ಮಾಡಬೇಕಾದದ್ದು, ಯಾವ ಕಾರಣಕ್ಕೂ ಬೇಡವಾದದ್ದು. 'ಬೇಡ' ಪಟ್ಟಿಯನ್ನು ಮೊದಲು ಬರೆಯಿರಿ. ಅವಧಿಯನ್ನು ಗಂಟೆಗಳಲ್ಲಿ ಹೇಳಿ. ಮೊದಲ ಸಲಕ್ಕೆ ಒಂದೇ ಸಂಜೆ, ಎರಡು ಗಂಟೆ ಧಾರಾಳವಾಯಿತು. 'ಒಂದು ವಾರ' ಎಂದು ಬರೆದವರು ಮೂರನೇ ದಿನಕ್ಕೆ ಲಾಗಿನ್ ಆಗಲು ಹೆದರುತ್ತಾರೆ. ಬರೀ ಟೈಪಿಂಗೋ ಧ್ವನಿಯೂ ಇರುತ್ತದೋ, ಫೋಟೊ ತೆಗೆಯಬಹುದೋ ಬೇಡವೋ, ಸೆಕೆಂಡ್ ಲೈಫ್ ಹೊರಗೆ ಮಾತುಕತೆ ಇದೆಯೋ ಇಲ್ಲವೋ ಎಲ್ಲವೂ ಅದರಲ್ಲೇ ಇರಲಿ. ಕೊನೆಗೊಂದು ಸಾಲು: 'ಕೊಂಡವರನ್ನು ಒಲ್ಲೆ ಎನ್ನುವ ಹಕ್ಕು ನನ್ನದು.' ಈ ಸಾಲಿಗೆ ಒಪ್ಪದ ಆಯೋಜಕರ ಕಡೆ ಸುಳಿಯಬೇಡಿ.

ಆ ದಿನ ಅರ್ಧ ಗಂಟೆ ಮುಂಚೆ ಹೋಗಿ. ಜನ ತುಂಬಿದರೆ ಸಿಮ್ (ಹರಾಜು ನಡೆಯುವ ಪ್ರದೇಶ) ಒಳಗೆ ಸೇರಿಸುವುದಿಲ್ಲ, ಸೇರಿಸಿದರೂ ಎಳೆದಾಡುತ್ತದೆ. ಬೇಡದ ಹಡ್‌ಗಳನ್ನು (ಪರದೆಯ ಮೇಲೆ ತೊಟ್ಟ ನಿಯಂತ್ರಣ ಫಲಕಗಳನ್ನು) ಕಳಚಿಡಿ. ಮಾಮೂಲಿ ಲೋಕಲ್ ಚಾಟ್ ಮುಟ್ಟುವುದು 20 ಮೀಟರ್‌ವರೆಗೆ, ಶೌಟ್ ಮಾಡಿದರೆ 100 ಮೀಟರ್. ಹಿಂದೆ ನಿಂತವರ ಸವಾಲು ಕಾಣದೆ ಜಗಳವಾಗುವುದು ಬಹುಪಾಲು ಇದರಿಂದಲೇ. ಅಡಿಕೆ ಮಂಡಿಯ ಹರಾಜಿನ ಚುರುಕು ಇಲ್ಲಿ ಇರುವುದಿಲ್ಲ. ಎಲ್ಲರೂ ಟೈಪ್ ಮಾಡಬೇಕಲ್ಲ! 'ಮೂರು ಸಾರಿ' ಎಂದಾದ ಮೇಲೆ ನೇರ ಆಟಕ್ಕಿಳಿಯಬೇಡಿ. ಕೊಂಡವರ ಜೊತೆ ಐಎಂನಲ್ಲಿ (ಖಾಸಗಿ ಸಂದೇಶದಲ್ಲಿ), ಪಾತ್ರದಿಂದ ಹೊರಗೆ ಬಂದು, ಹತ್ತು ನಿಮಿಷ ಮಾತಾಡಿ. ಆಟದ ನಡುವೆ ಪಾತ್ರದಾಚೆಗಿನ ಮಾತು ಬಂದರೆ ಎರಡೆರಡು ಕಂಸದೊಳಗೆ ಟೈಪ್ ಮಾಡುವುದು ವಾಡಿಕೆ.

ಪ್ರಶ್ನೆ: ಕೊಳ್ಳುವ ಕಡೆಯವನು ನಾನು. ದುಡ್ಡು ಯಾರಿಗೆ, ಹೇಗೆ ಕೊಡಬೇಕು?
– ಆರ್., ಪುಣೆ

ಉತ್ತರ: ನಿಂತವರಿಗೋ, ಸಿಮ್‌ನ ಬಾಡಿಗೆಗೋ, ದೇಣಿಗೆಗೋ ಎಂಬುದು ಒಂದೊಂದು ಕಡೆ ಒಂದೊಂದು ಥರ. ಕೂಗುವ ಮೊದಲೇ ಕೇಳಿ. ಅಮೆರಿಕದ ಒಂದು ಡಾಲರಿಗೆ ಸುಮಾರು 250 ಲಿಂಡೆನ್ ಡಾಲರ್ (ಸೆಕೆಂಡ್ ಲೈಫ್‌ನ ಹಣ) ಎಂದು ಲೆಕ್ಕ ಇಟ್ಟುಕೊಂಡರೆ 2,500ರ ಸವಾಲು ಹತ್ತು ಡಾಲರ್ ಆಯಿತು. ಹುರುಪಿನಲ್ಲಿ ಈ ಲೆಕ್ಕ ಮರೆತುಹೋಗುತ್ತದೆ.

ಕೊಡುವ ರೀತಿ ಒಂದೇ: ವ್ಯಕ್ತಿಯ ಮೇಲೋ ಹಣ ಹಾಕುವ ಪೆಟ್ಟಿಗೆಯ ಮೇಲೋ ರೈಟ್ ಕ್ಲಿಕ್ ಮಾಡಿ 'ಪೇ' ಒತ್ತುವುದು. 'ನಿಮ್ಮ ಖಾತೆಯಿಂದ ಲಿಂಡೆನ್ ಡಾಲರ್ ತೆಗೆಯಲು ಅನುಮತಿ ಕೊಡಿ' ಎಂಬ ಕಿಟಕಿ ತೆರೆದರೆ ಕಣ್ಣು ಮುಚ್ಚಿ ನಿರಾಕರಿಸಿ. ದುಡ್ಡು ಕೊಡುವವರಿಂದ ಆ ಅನುಮತಿ ಯಾವ ಪೆಟ್ಟಿಗೆಗೂ ಬೇಕಿಲ್ಲ. ಹತ್ತು ನಿಮಿಷದ ಆ ಮಾತುಕತೆ ಮುಗಿದ ಮೇಲಷ್ಟೇ ಪೂರ್ತಿ ಹಣ ಕೊಡಿ. ಇಬ್ಬರು ನಿವಾಸಿಗಳ ವ್ಯವಹಾರದ ತಕರಾರಿಗೆ ಸೆಕೆಂಡ್ ಲೈಫ್ ನಡೆಸುವ ಲಿಂಡೆನ್ ಲ್ಯಾಬ್ ಸಾಮಾನ್ಯವಾಗಿ ತಲೆಹಾಕುವುದಿಲ್ಲ.

ಪ್ರಶ್ನೆ: ಕೊಂಡವರು ಆರ್‌ಎಲ್‌ವಿ (ನಮ್ಮ ಪಾತ್ರಕ್ಕೆ ಕಡಿವಾಣ ಹಾಕುವ ಸೌಲಭ್ಯ) ಇರುವ ಕಾಲರ್ (ಕೊರಳಪಟ್ಟಿ) ಹಾಕಿಕೊಳ್ಳಲು ಹೇಳುತ್ತಾರೆ. ಸಿಕ್ಕಿಹಾಕಿಕೊಂಡರೆ?
– ಎಸ್., ಬೆಳಗಾವಿ

ಉತ್ತರ: ಫೈರ್‌ಸ್ಟಾರ್ಮ್‌ನಂಥ ವ್ಯೂವರ್‌ನಲ್ಲಿ (ಸೆಕೆಂಡ್ ಲೈಫ್ ತೆರೆಯುವ ತಂತ್ರಾಂಶದಲ್ಲಿ) ಆರ್‌ಎಲ್‌ವಿ ಚಾಲೂ ಇದ್ದರೆ, ನೀವು ತೊಟ್ಟ ವಸ್ತುವಿನ ಸ್ಕ್ರಿಪ್ಟ್ ನಿಮ್ಮ ಟೆಲಿಪೋರ್ಟ್, ಐಎಂ, ಬಟ್ಟೆ ಕಳಚುವುದು ಇತ್ಯಾದಿಗಳನ್ನು ತಡೆಯಬಲ್ಲದು. ಆದರೆ ಪಾಸ್‌ವರ್ಡನ್ನಾಗಲಿ ದುಡ್ಡನ್ನಾಗಲಿ ಅದು ಮುಟ್ಟಲಾರದು. ಬಿಡಿಸಿಕೊಳ್ಳಲು ಪ್ರಿಫರೆನ್ಸಸ್‌ನಲ್ಲಿ ಆರ್‌ಎಲ್‌ವಿ ಆಯ್ಕೆ ತೆಗೆದು ವ್ಯೂವರ್ ಮುಚ್ಚಿ ಮತ್ತೆ ತೆರೆಯಿರಿ, ಅಷ್ಟೇ. ಹೋಗುವ ಮೊದಲೇ ಮನೆಯಲ್ಲಿ ಒಮ್ಮೆ ಇದನ್ನು ಮಾಡಿ ನೋಡಿಕೊಂಡಿರಿ.

ನಿಜವಾದ ತೊಂದರೆ ಬೇರೆ. 'ರೆಡ್' ಎಂಬ ಪದ ಬಂದರೆ ನಿಲ್ಲಿಸಬೇಕೆಂದು ಮಾತಾಗಿರುತ್ತದೆ, ಬಾಯಿಗೆ ಕಟ್ಟಿದ ಗ್ಯಾಗ್ ಟೈಪ್ ಮಾಡಿದ್ದನ್ನೆಲ್ಲ 'ಮ್ಮ್‌ಫ್' ಮಾಡಿಬಿಡುತ್ತದೆ! ಎದುರಿನವರು ಅದನ್ನು ನಟನೆ ಎಂದುಕೊಂಡು ಮುಂದುವರಿಸುತ್ತಾರೆ. ಗ್ಯಾಗ್ ಹಾಕಿದ ಕೂಡಲೇ, ಆಟ ಶುರುವಾಗುವ ಮೊದಲು, ಆ ಪದ ಟೈಪ್ ಮಾಡಿ ಎದುರಿನವರಿಗೆ ಸರಿಯಾಗಿ ಕಂಡಿತೇ ಎಂದು ಕೇಳಿ. ಕಾಣದಿದ್ದರೆ ಗ್ಯಾಗ್ ಬೇಡ. ಮೊದಲ ಹರಾಜಿಗಂತೂ ಆರ್‌ಎಲ್‌ವಿ ಆಫ್ ಇಟ್ಟು ಬರೀ ಅಭಿನಯದಲ್ಲೇ ಆಡುವುದು ನಮ್ಮ ಸಲಹೆ.

ಪ್ರಶ್ನೆ: ಮಗುವಿನಂತೆ ಕಾಣುವ ಅವತಾರ್ ಒಂದು ಹರಾಜಿನ ಸಾಲಿನಲ್ಲಿತ್ತು. 'ಹಿಂದೆ ಕೂತಿರುವುದು ದೊಡ್ಡವರೇ' ಎಂದರು.
– ಹೆಸರು ಬೇಡ

ಉತ್ತರ: ಹಿಂದೆ ಯಾರೇ ಕೂತಿರಲಿ, ಅದಕ್ಕೆ ಅವಕಾಶವೇ ಇಲ್ಲ. ವಾದಕ್ಕೆ ನಿಲ್ಲದೆ ಅಬ್ಯೂಸ್ ರಿಪೋರ್ಟ್ ಹಾಕಿ ಹೊರಬನ್ನಿ. ಆಯೋಜಕರನ್ನೂ ಬ್ಲಾಕ್ ಮಾಡಿ.

ಪ್ರಶ್ನೆ: ನೋಟಿಸಿನಲ್ಲಿ 'ಶನಿವಾರ ಸಂಜೆ 7 ಎಸ್‌ಎಲ್‌ಟಿ' ಎಂದಿತ್ತು. ಶನಿವಾರ ರಾತ್ರಿ ಹೋದರೆ ಯಾರೂ ಇರಲಿಲ್ಲ!
– ಕೆ., ದಾವಣಗೆರೆ

ಉತ್ತರ: ಎಸ್‌ಎಲ್‌ಟಿ ಅಂದರೆ ಸೆಕೆಂಡ್ ಲೈಫ್‌ನ ವೇಳೆ, ಅದು ಕ್ಯಾಲಿಫೋರ್ನಿಯಾದ ಗಡಿಯಾರ. ಅಲ್ಲಿನ ಬೇಸಿಗೆ ವೇಳೆಯಲ್ಲಿ ನಮಗದು ಭಾನುವಾರ ಬೆಳಗ್ಗೆ 7.30, ಚಳಿಗಾಲದ ವೇಳೆಯಲ್ಲಿ 8.30. ಮನೆಯಲ್ಲಿ ಎಲ್ಲರೂ ತಿಂಡಿಗೆ ಕರೆಯುವ ಹೊತ್ತು. ಯುರೋಪಿನವರು ನಡೆಸುವ, ಮಧ್ಯಾಹ್ನ 12 ಎಸ್‌ಎಲ್‌ಟಿಯ ಹರಾಜು ಹುಡುಕಿದರೆ ಇಲ್ಲಿ ರಾತ್ರಿ 12.30 ಅಥವಾ 1.30ಕ್ಕೆ ಸಿಗುತ್ತದೆ.